ನಾನೇ ಸೇರಿಸಿದ ಹಕಾರ

ತಪ್ಪೇ ಮಾಡದ ಹುಡುಗಿಯನ್ನು ನಾನು ತಿದ್ದಿದ ದಿನ ನನ್ನ ಕಾಯಿಲೆ ಶುರುವಾಯಿತು. ಅಥವಾ ಎಂದೋ ಶುರುವಾಗಿದ್ದು ಅವತ್ತು ಹೊರಗೆ ಬಂತು.

ಹೊಳೆನರಸೀಪುರದ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಹಳ್ಳಿಯೊಂದರಲ್ಲಿ ನಾನು ಸರ್ಕಾರಿ ಶಾಲೆಯ ಕನ್ನಡ ಟೀಚರು. ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೋಗು ಓಗು ಆಗುತ್ತದೆ, ಹಾಸನವೇ ಆಸನವಾಗಿ ಯಾರು ಬೇಕಾದರೂ ಮೇಲೆ ಕೂರಬಹುದಾದ ವಸ್ತುವಾಗುತ್ತದೆ. ಮನೆಯಲ್ಲಿ ಹಾಗೆ ಆಡಲಿ, ಅದು ಅವರ ಮಾತು, ಚೆಂದದ ಮಾತು. ಓದುವಾಗ ಮಾತ್ರ ಹಕಾರ ಬೇಕು ಎಂಬುದು ನನ್ನ ಹಟ. ನೌಕರಿಯುದ್ದಕ್ಕೂ ನಾನು ಮಾಡಿದ್ದು ಹೆಚ್ಚಾಗಿ ಅದನ್ನೇ. ಬಿದ್ದ ಹಕಾರಗಳನ್ನು ಎತ್ತಿ ಮತ್ತೆ ಅವುಗಳ ಜಾಗದಲ್ಲಿ ಕೂರಿಸುವುದು. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಹಾ ಮಿಸ್' ಎಂದು ಕರೆಯುತ್ತಾರೆ ಎಂಬುದೂ ಗೊತ್ತು.

ಅವತ್ತು ಐದನೇ ತರಗತಿಯ ಧನುಶ್ರೀ ಪಾಠ ಓದುತ್ತಿದ್ದಳು. "ಅಕ್ಕಿ ಗೂಡು ಕಟ್ಟಿತು" ಎಂದು ಓದಿದಂತೆ ನನಗೆ ಕೇಳಿಸಿತು.

"ಅಕ್ಕಿ ಗೂಡು ಕಟ್ಟುತ್ತದೇನೇ? ಹಕ್ಕಿ."

ಅವಳು ಮತ್ತೆ ಓದಿದಳು. ನನಗೆ ಮತ್ತೆ ಅಕ್ಕಿಯೇ ಕೇಳಿಸಿತು. ಹೊಟ್ಟೆಯಿಂದ ಉಸಿರು ಬಿಡು ಎಂದೆ. ಬಿಟ್ಟಳು. ಆಗಲೂ ಅಕ್ಕಿ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು, "ಮಿಸ್, ಅವ್ಳು ಸರ್ಯಾಗೇ ಏಳ್ತಾವ್ಳೆ ಮಿಸ್" ಎಂದಳು.

ಮಕ್ಕಳು ನಕ್ಕರು. ಎಲ್ಲರೂ ಮಾತಾಡಿಕೊಂಡು ನನ್ನನ್ನು ಆಟ ಆಡಿಸುತ್ತಿದ್ದಾರೆ ಅನ್ನಿಸಿತು. ನನ್ನ ಮೊದಲ ಅನುಮಾನ ಹೋದದ್ದು ಮಕ್ಕಳ ಮೇಲೆ, ಕಿವಿಯ ಮೇಲಲ್ಲ.

ಮರುದಿನ ಬೆಳಗ್ಗೆ ಏಳುವಾಗ ಎಡಗಿವಿ ಸತ್ತಿತ್ತು.

ಒಳಗೆ ಹತ್ತಿ ತುರುಕಿದ ಹಾಗೆ. ಜೊತೆಗೆ ದೂರದಲ್ಲಿ ಯಾರದೋ ಗದ್ದೆಯ ಪಂಪ್‌ಸೆಟ್ ಓಡುತ್ತಿರುವ ಸದ್ದು. ಎದ್ದು ನಿಂತರೆ ನೆಲ ವಾಲುತ್ತಿತ್ತು. ಗೋಡೆ ಹಿಡಿದು ಅಡುಗೆಮನೆಗೆ ಹೋದೆ. ಪಂಪ್‌ಸೆಟ್ ನನ್ನ ಹಿಂದೆಯೇ ಬಂತು.

ಹತ್ತಿರದ ಕ್ಲಿನಿಕ್ ಒಂದರಲ್ಲಿ ಗುಗ್ಗೆ ಕಟ್ಟಿದೆ, ನೆಗಡಿ ಕಿವಿಗೆ ಇಳಿದಿದೆ ಎಂದು ಡ್ರಾಪ್ಸ್ ಕೊಟ್ಟರು. ದಂಡಿಗನಹಳ್ಳಿಯಲ್ಲಿರುವ ನನ್ನ ಗಂಡನ ಅಕ್ಕ ಕೆಂಪಕ್ಕ ಫೋನ್ ಮಾಡಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಲು ಹೇಳಿದರು. ಎರಡನ್ನೂ ಬಿಟ್ಟುಕೊಂಡೆ. ಪಂಪ್‌ಸೆಟ್ ನಿಲ್ಲಲಿಲ್ಲ. ಕೊನೆಗೆ ಹಾಸನಕ್ಕೆ ಹೋದೆವು.

ಅಲ್ಲಿ ಸದ್ದು ನುಗ್ಗದ ಒಂದು ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದರು. ಬೀಪ್ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಬಹಳ ಹೊತ್ತು ಕಾದೆ. ಮಷೀನು ಇನ್ನೂ ಶುರುವಾಗಿಲ್ಲ ಎಂದುಕೊಂಡು ಗಾಜಿನ ಆಚೆ ನೋಡಿದೆ.

ಆಚೆ ಕೂತ ಹುಡುಗಿ ಆಗಲೇ ಬರೆದುಕೊಳ್ಳುತ್ತಿದ್ದಳು.

"ಸಡನ್ ಹಿಯರಿಂಗ್ ಲಾಸ್. ನರದ ತೊಂದರೆ" ಎಂದರು ಡಾಕ್ಟರು. "ಸ್ವಲ್ಪ ಬೇಗ ಬಂದಿದ್ರೆ ಚಾನ್ಸ್ ಜಾಸ್ತಿ ಇತ್ತು ಮೇಡಂ. ಬಲಗಿವೀನೂ ಪೂರ್ತಿ ಸರಿಯಿಲ್ಲ. ಹ, ಸ, ತ, ಇಂಥ ತೆಳು ಸದ್ದುಗಳು ಹೋಗಿ ಸುಮಾರು ಕಾಲ ಆಗಿದೆ. ಸ್ವರ ಕೇಳುತ್ತೆ, ವ್ಯಂಜನ ಬಿಟ್ಟುಹೋಗುತ್ತೆ. ಗೊತ್ತಾಗಲಿಲ್ವಾ?"

ಸ್ವರ ವ್ಯಂಜನ ಕಲಿಸಿಯೇ ಅನ್ನ ತಿಂದವಳನ್ನು ಕೇಳುವ ಪ್ರಶ್ನೆ. ಗೊತ್ತಾಗಿರಲಿಲ್ಲ. ಊರಿನ ಮಕ್ಕಳೆಲ್ಲ ವರ್ಷದಿಂದ ವರ್ಷಕ್ಕೆ ಹೆಚ್ಚು ಹಕಾರ ನುಂಗುತ್ತಿದ್ದಾರೆ ಎಂದುಕೊಂಡಿದ್ದೆ.

ಎಮ್ಆರ್‌ಐ ಆಯಿತು, ಗಡ್ಡೆ ಗಿಡ್ಡೆ ಏನೂ ಇಲ್ಲ ಎಂದರು. ಸ್ಟೆರಾಯ್ಡ್ ಮಾತ್ರೆ, ಕಿವಿಯ ಪೊರೆಯ ಮೂಲಕ ಇಂಜೆಕ್ಷನ್. ತಲೆಸುತ್ತು ಇಳಿಯಿತು. ಎಡಗಿವಿ ಗೋಡೆಯಾಚೆಯ ಮಾತು ಕೇಳಿಸುವಷ್ಟು ಮರಳಿ ಬಂತು, ಅಷ್ಟೇ. ಈ ಮಾತ್ರೆಗೆ ಮನಸ್ಸು ಸ್ವಲ್ಪ ಏರುಪೇರಾಗುತ್ತದೆ, ರೇಗುವುದು, ಅನುಮಾನ ಪಡುವುದು ಇರುತ್ತದೆ ಎಂದೂ ಡಾಕ್ಟರು ಹೇಳಿದ್ದರು. ಆಮೇಲೆ ಯಾವ ಅನುಮಾನ ನನ್ನದು, ಯಾವುದು ಮಾತ್ರೆಯದು ಎಂದು ಅನುಮಾನ ಶುರುವಾಯಿತು.

ಕಿವಿ ಕೇಳದವರಿಗೆ ಲೋಕವೆಲ್ಲ ಗುಸುಗುಸು. ಇಬ್ಬರು ನಿಂತು ಮಾತಾಡಿದರೆ ಅದು ನನ್ನ ವಿಷಯವೇ. ನಕ್ಕರಂತೂ ಕೇಳುವುದೇ ಬೇಡ. ಗೋಡೆಗೂ ಕಿವಿ ಇದೆ ಅನ್ನುತ್ತಾರಲ್ಲ, ನನ್ನ ಮನೆಯ ಗೋಡೆಗಳಿಗೆ ನನಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ಗಂಡನ ಮಾತು. ರಂಗಸ್ವಾಮಿಗೆ ಗೊರೂರಿನ ಡ್ಯಾಮಿನ ಕಚೇರಿಯಲ್ಲಿ ಕೆಲಸ. ಮೊದಲೇ ಮೆತ್ತಗೆ ಮಾತಾಡುವ ಮನುಷ್ಯ, ಅದರ ಮೇಲೆ ತುಟಿ ಮುಚ್ಚುವ ಮೀಸೆ. ಬೇರೆಯವರ ತುಟಿ ನೋಡಿ ಅರ್ಧ ಊಹಿಸುತ್ತಿದ್ದೆ. ಇವರು ಮೀಸೆಯ ಹಿಂದೆ ಕೂತು ಏನು ಹೇಳುತ್ತಿದ್ದಾರೋ ದೇವರಿಗೇ ಗೊತ್ತು.

ಶಾಲೆಗೆ ರಜೆ ಹಾಕಿದ್ದೆ. ಹೆಡ್‌ಮಾಸ್ಟರು ನೋಡಿಕೊಂಡು ಹೋಗಲು ಬಂದರು. "ನೀವು ರೆಸ್ಟ್ ತಗೊಳಿ ಮೇಡಂ, ಕ್ಲಾಸಿನ ಚಿಂತೆ ಬಿಡಿ" ಎಂದರು. ಆ 'ಬಿಡಿ' ಮಾತ್ರ ಚೆನ್ನಾಗಿ ಕೇಳಿಸಿತು. ಚಿಂತೆ ಬಿಡಬೇಕೋ ಕ್ಲಾಸು ಬಿಡಬೇಕೋ? ಪಾಠ ಮಾಡುವುದು ಬಿಟ್ಟು ನನಗೆ ಬೇರೆ ಏನೂ ಬರುವುದಿಲ್ಲ. ಮತ್ತೆ ಆ ಕರಿಹಲಗೆಯ ಮುಂದೆ ನಿಲ್ಲುತ್ತೇನೋ ಇಲ್ಲವೋ ಎಂಬುದೊಂದೇ ಭಯ.

ಮನೆಗೆಲಸಕ್ಕೆ ಸಹಾಯವಾಗಲಿ ಎಂದು ಕೆಂಪಕ್ಕ ದಂಡಿಗನಹಳ್ಳಿಯಿಂದ ಬಂದಿದ್ದರು. ಅವರದು ದೊಡ್ಡ ಗಂಟಲು, ದೊಡ್ಡ ಕೈ, ಬಾಯಿಗೆ ಬಂದದ್ದನ್ನು ಆಡುವ ಸ್ವಭಾವ. ಒಂದು ಸಂಜೆ ಅಡುಗೆಮನೆಯಲ್ಲಿ ಅಕ್ಕ ತಮ್ಮ ಮಾತಾಡುತ್ತಿದ್ದರು. ಕೆಂಪಕ್ಕ ಅಪರೂಪಕ್ಕೆ ದನಿ ತಗ್ಗಿಸಿದ್ದರು. ನಲ್ಲಿ ಬಿಟ್ಟಿತ್ತು, ಕುಕ್ಕರ್ ಕೂಗುತ್ತಿತ್ತು. ನಾನು ಬಾಗಿಲ ಹಿಂದೆ ಬಲಗಿವಿ ಕೊಟ್ಟು ನಿಂತೆ.

"ಮನೆ... ಆಳಾಗ್ಲಿ ಕಣೋ. ಇವ್ಳ ಇಸ್ಕೂಲ್ ಓಗ್ಲಿ."

ಮನೆ ಹಾಳಾಗಲಿ. ಇವಳ ಸ್ಕೂಲ್ ಹೋಗಲಿ.

ಬಾಗಿಲ ಸಂದಿಯಲ್ಲಿ ನೋಡಿದೆ, ರಂಗಸ್ವಾಮಿ ತಲೆ ಆಡಿಸಿದರು.

ಅದಾದ ಮೇಲೆ ಆ ಮನೆಯಲ್ಲಿ ನಾನು ಮಾತು ನಿಲ್ಲಿಸಿದೆ. ಕಿವಿ ಕೇಳಿಸುತ್ತಿಲ್ಲ ಎಂದು ಅವರು ತಿಳಿದರು, ನಾನೂ ತಿದ್ದಲಿಲ್ಲ. ಕೆಂಪಕ್ಕ ಮುದ್ದೆ ಬಡಿಸಿದರೆ ತಟ್ಟೆ ನೋಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ಬೇಸಿಗೆ ರಜೆ ಮುಗಿಯುವುದರೊಳಗೆ ಸ್ವಯಂ ನಿವೃತ್ತಿಗೆ ಬರೆದುಕೊಟ್ಟುಬಿಡೋಣ, ಇವರೆಲ್ಲ ದೂಡುವ ಮೊದಲು ನಾನೇ ಇಳಿದುಬಿಡೋಣ ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ.

ಟ್ರಯಲ್‌ಗೆಂದು ಕೊಟ್ಟ ಹಿಯರಿಂಗ್ ಏಡ್ ಹೊಂದಿಸಲು ಹಾಸನಕ್ಕೆ ಹೋಗಿಬರುತ್ತಿದ್ದೆ. ಆಡಿಯಾಲಜಿಸ್ಟ್ ಶ್ವೇತಾ ಹುಬ್ಬಳ್ಳಿ ಕಡೆಯವಳು. ಅವತ್ತು ಗಾಜಿನ ಆಚೆ ಕೂತು ಬರೆದುಕೊಂಡವಳೇ ಅವಳು.

"ಟೀಚರ್, ಮಷೀನ್ ಹಾಕ್ಕೊಂಡ್ರ ಸದ್ದು ಬರ್ತದ. ಅರ್ಥ ಬರಂಗಿಲ್ಲ. ಅದನ್ನ ನೀವ ಕಲೀಬೇಕು. ದಿನಾ ಒಂದು ಸಂಗತಿ ಬರೀರಿ. ಕಿವಿಗೆ ಬಿದ್ದದ್ದೇನು, ತಲೀಗೆ ಬಂದದ್ದೇನು, ಬ್ಯಾರೆ ಏನಿರಬಹುದಿತ್ತು. ಮೂರು ಮಾತು."

ಕಿವಿಗೆ ಮದ್ದು ಕೇಳಿದರೆ ಪ್ರಬಂಧ ಬರೆಯಲು ಹೇಳುತ್ತಾಳಲ್ಲ ಎಂದು ಸಿಟ್ಟು ಬಂತು. ಇದು ಇವಳ ಯಾವುದೋ ಕೋರ್ಸಿನ ಪ್ರಾಜೆಕ್ಟ್ ಇರಬೇಕು, ಅಥವಾ ಮಷೀನು ಕೊಳ್ಳುವ ತನಕ ನನ್ನನ್ನು ಕಟ್ಟಿಹಾಕುವ ಉಪಾಯ. ಬರೆಯುವ ಈ ಕಸರತ್ತು ನನಗೆ ಹೊಸದಲ್ಲ. ಹಿಂದೆ ಅರಕಲಗೂಡಿನಲ್ಲಿ ನಡೆದ ಟೀಚರುಗಳ ತರಬೇತಿಯಲ್ಲಿ ದಿನದ ಕೊನೆಗೆ 'ನಿಮ್ಮ ಅನುಭವದ ಅವಲೋಕನ ಬರೆಯಿರಿ' ಎಂದು ಹಾಳೆ ಕೊಡುತ್ತಿದ್ದರು. ಬಸ್ಸಿಗೆ ಹೊತ್ತಾಗುತ್ತಿತ್ತು. ಒಬ್ಬರು ಬರೆಯುತ್ತಿದ್ದರು, 'ತರಬೇತಿಯು ಅತ್ಯಂತ ಉಪಯುಕ್ತವಾಗಿತ್ತು, ನನ್ನ ಬೋಧನೆಯಲ್ಲಿ ಅಳವಡಿಸಿಕೊಳ್ಳುವೆ.' ಉಳಿದವರು ಅದನ್ನೇ ಇಳಿಸಿ ಬಸ್ ಹತ್ತುತ್ತಿದ್ದೆವು.

ಶ್ವೇತಾಗೂ ಅದೇ ಥರ ಬರೆದುಕೊಟ್ಟೆ. ಮಷೀನು ಅತ್ಯಂತ ಉಪಯುಕ್ತವಾಗಿದೆ, ಕುಟುಂಬದವರ ಸಹಕಾರ ಚೆನ್ನಾಗಿದೆ ಎಂದು ದುಂಡಗೆ.

ಅವಳು ಓದಿ ಹಾಳೆ ಕೆಳಗಿಟ್ಟಳು. "ಇದು ವರದಿ ಆತು ಟೀಚರ್. ಇದರಾಗ ನೀವೆಲ್ಲಿ ಅದೀರಿ?"

ಮಕ್ಕಳ ನಕಲು ಪ್ರಬಂಧ ಹಿಡಿದಾಗ ನಾನು ಕೇಳುವ ಪ್ರಶ್ನೆ ಅದು. ಮುಖಕ್ಕೆ ಹೊಡೆದಂತಾಯಿತು.

ರೋಷಕ್ಕೆ ಬರೆದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಆದ ಜಗಳವನ್ನೇ ಬರೆದೆ. ಕಿವಿಗೆ ಬಿದ್ದದ್ದು: ಕಂಡಕ್ಟರ್ ನನಗೆ 'ಮುದ್ಕಿ ಓಗಮ್ಮ' ಎಂದ. ತಲೆಗೆ ಬಂದದ್ದು: ಈ ವಯಸ್ಸಿಗೇ ಮುದುಕಿ ಅನ್ನುತ್ತಾನೆ, ಕಿವಿಯ ಮಷೀನು ನೋಡಿ ಸದರ ಮಾಡಿಕೊಂಡಿದ್ದಾನೆ. ನಿಮ್ಮಮ್ಮನಿಗೆ ಹೇಳು ಹೋಗು ಎಂದು ಬೈದಿದ್ದೆ. ಅವನು ಬೆಪ್ಪಾಗಿ ನಿಂತಿದ್ದ. ಬೇರೆ ಏನಿರಬಹುದಿತ್ತು ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಏನಿರುತ್ತದೆ? ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಂತವರಿಗೆ ಕಂಡಕ್ಟರು ಏನು ಹೇಳುತ್ತಾನೆ?

ಮುಂದ್ಕೋಗಮ್ಮ.

ಒಂದು ಸೊನ್ನೆ ಹೆಚ್ಚುಕಮ್ಮಿಯಾಗಿತ್ತು. ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ನಗು ನಿಂತು ಬೇರೆ ಯೋಚನೆ ಬಂತು. ಆ ಸೊನ್ನೆ ಬಿದ್ದ ಜಾಗದಲ್ಲಿ ಬೇರೆ ಏನಾದರೂ ಕೇಳಿಸಬಹುದಿತ್ತು. ಮುದುಕಿಯೇ ಯಾಕೆ ಬಂದಳು? ಅವಳು ಬಸ್ಸಿನಲ್ಲಿ ಇರಲಿಲ್ಲ, ನನ್ನ ತಲೆಯಲ್ಲಿ ಮೊದಲೇ ಸಿದ್ಧವಾಗಿ ಕೂತಿದ್ದಳು. ಕಿವಿ ಬಿಟ್ಟದ್ದನ್ನು ನಾನು ಭಯದಿಂದ ತುಂಬುತ್ತಿದ್ದೆ. ಘಟನೆ ನಡೆದಾಗ ಇದು ಹೊಳೆಯಲಿಲ್ಲ, ಜಗಳವಾಡಿದಾಗ ಹೊಳೆಯಲಿಲ್ಲ, ಮನೆಗೆ ಬಂದು ಕಂಡಕ್ಟರನನ್ನು ಮನಸ್ಸಿನಲ್ಲೇ ಮತ್ತೆ ಬೈದಾಗಲೂ ಹೊಳೆಯಲಿಲ್ಲ. ಮೂರನೇ ಸಾಲು ಬರೆಯಲೇಬೇಕಾದ ಕರ್ಮಕ್ಕೆ ಹೊಳೆಯಿತು. ಅನುಭವ ಪಾಠ ಕಲಿಸುತ್ತದೆ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ನನ್ನ ಅನುಭವ ನನಗೆ ಕಂಡಕ್ಟರನನ್ನು ಬೈಯುವುದನ್ನು ಬಿಟ್ಟು ಏನನ್ನೂ ಕಲಿಸಿರಲಿಲ್ಲ.

ಅಂದಮಾತ್ರಕ್ಕೆ ಬರವಣಿಗೆಯನ್ನು ಪೂರ್ತಿ ನಂಬಿದೆ ಎಂದಲ್ಲ. ಬರೆಯುವಾಗಲೂ ನಾನು ನನ್ನ ಕಡೆಗೇ ವಾಲುತ್ತಿದ್ದೆ. ಬೇಕಾದ್ದನ್ನು ಹಿಗ್ಗಿಸಿ, ಬೇಡದ್ದನ್ನು ನುಂಗಿ. ಅಡುಗೆಮನೆಯ ಮಾತನ್ನೂ ಬರೆದಿದ್ದೆ. ಮೊದಲ ಎರಡು ಸಾಲು ಸರಾಗ ಬಂದವು. ಮೂರನೆಯದಕ್ಕೆ ಜಾಗ ಬಿಟ್ಟಿದ್ದೆ. ಅದು ಖಾಲಿಯೇ ಉಳಿಯಿತು. ಮನೆ ಹಾಳಾಗಲಿ ಎಂಬುದಕ್ಕೆ ಬೇರೆ ಅರ್ಥ ಎಲ್ಲಿಂದ ತರಲಿ?

ಮುಂದಿನ ಸಲ ಹಾಸನಕ್ಕೆ ರಂಗಸ್ವಾಮಿಯೂ ಬಂದರು. ನನ್ನನ್ನು ಒಳಗೆ ಕೂರಿಸಿ ಶ್ವೇತಾ ಅವರನ್ನು ಹೊರಗೆ ಕರೆದುಕೊಂಡು ಹೋದಳು. ಗಾಜಿನ ಆಚೆ ಇಬ್ಬರೂ ಮಾತಾಡುವುದು ಕಾಣುತ್ತಿತ್ತು. ಅವಳು ತನ್ನ ತುಟಿ ಮುಟ್ಟಿ ತೋರಿಸಿದಳು. ಇವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಬಾಯಿ ಬಿಡಬೇಡಿ ಎಂದು ಹೇಳಿಕೊಡುತ್ತಿದ್ದಾಳೆ ಎಂದುಕೊಂಡೆ. ಕಿವಿ ವಾಪಸ್ ಬರುವುದಿಲ್ಲ ಎಂಬುದನ್ನು ನನ್ನಿಂದ ಮುಚ್ಚಿಡುತ್ತಿದ್ದಾರೆ. ಮಾತು ಬಿಟ್ಟಿದ್ದರೂ ತಡೆಯಲಾರದೆ, ವಾಪಸ್ ಬರುವಾಗ ಬಸ್ಸಿನಲ್ಲಿ, ಅವಳ ಹತ್ತಿರ ಏನು ಮಾತಾಡಿದಿರಿ ಎಂದು ಕೇಳಿದೆ. ಮೀಸೆ ಅಲುಗಾಡಿತು. ಏನೂ ತಿಳಿಯಲಿಲ್ಲ.

ಭಾನುವಾರ ಬೆಳಗ್ಗೆ ಕೆಂಪಕ್ಕನ ಕೂಗು ಕೇಳಿ ಎದ್ದು ಬಂದೆ. ಆ ಕೂಗಿಗೆ ಮಷೀನು ಬೇಕಿರಲಿಲ್ಲ.

"ಅಯ್ಯೋ ನನ್ ಸಿವ್ನೆ! ಯಾರ್ ಸತ್ರು ಅಂತ ಬೋಳ್ಸ್ಕಂಡ್ಯೋ? ನಾನಿನ್ನೂ ಬದ್ಕಿವ್ನಲ್ಲೋ!"

ರಂಗಸ್ವಾಮಿ ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಮೀಸೆ ಇರಲಿಲ್ಲ.

ನಮ್ಮಲ್ಲಿ ಗಂಡಸು ಮೀಸೆ ತೆಗೆಸುವುದು ಅಪ್ಪ ಅಮ್ಮ ತೀರಿಕೊಂಡಾಗ. ಅವರ ಅಪ್ಪ ಹೋದಾಗ ಒಮ್ಮೆ, ಅಮ್ಮ ಹೋದಾಗ ಒಮ್ಮೆ ಆ ಮುಖವನ್ನು ಹಾಗೆ ನೋಡಿದ್ದೆ. ಯಾರು ಹೋದರು, ನನಗೆ ಹೇಳದೆ ಯಾರನ್ನು ಕಳಿಸಿ ಬಂದರು ಎಂದು ಒಂದು ಕ್ಷಣ ಅನ್ನಿಸಿದ್ದೂ ಸುಳ್ಳಲ್ಲ. ಅವರು ನನ್ನ ಎದುರಿಗೆ ಬಂದು ನಿಂತು ಬಾಯಿ ತೆರೆದರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ಮೇಲ್ದುಟಿ ಮಾತಾಡುವುದನ್ನು ನಾನು ಸರಿಯಾಗಿ ನೋಡಿರಲಿಲ್ಲ.

"ತುಟಿ ಕಂಡ್ರೆ ನಿಂಗೆ ಸಲೀಸು ಅಂದ್ರು ಆ ಉಡ್ಗಿ. ಅದ್ಕೆ."

ಎಲ್ಲವೂ ಕಂಡಿತು. 'ಹುಡುಗಿ'ಯ ಹಕಾರ ಅವರ ತುಟಿಯಲ್ಲಿ ಬಿದ್ದುಹೋದದ್ದೂ ಕಂಡಿತು.

ನನಗೆ ಅಳು ಬಂತು. ಅಳುತ್ತಲೇ ಅವರ ಮೇಲೆ ರೇಗಿದೆ, ಹೇಳಿ ಮಾಡಬಾರದಾ ಎಂದು. ಅವರು ಬೋಳು ತುಟಿ ಸವರಿಕೊಳ್ಳುತ್ತಾ, "ನೀನ್ ಮಾತೇ ಆಡ್ತಿರ್ಲಿಲ್ವಲ್ಲ" ಎಂದರು. ಈ ಮನುಷ್ಯ ಮನೆ ಹಾಳಾಗಲಿ ಎಂಬ ಮಾತಿಗೆ ತಲೆ ಆಡಿಸಿದವನು. ಎರಡೂ ಒಂದೇ ಮುಖದಲ್ಲಿ ಹೊಂದುತ್ತಿರಲಿಲ್ಲ. ಒಳಗೆ ಹೋಗಿ ಮೂರು ಸಾಲು ಬರೆಯುವ ಪುಸ್ತಕ ತೆಗೆದೆ. ಆ ಖಾಲಿ ಸಾಲು ನೋಡುತ್ತ ಕೂತೆ. ಊಹಿಸಿ ತುಂಬಲು ಇನ್ನು ಧೈರ್ಯವಿರಲಿಲ್ಲ. ಎದ್ದು ಬಂದು ಕೆಂಪಕ್ಕನನ್ನೇ ಕೇಳಿದೆ.

"ಅವತ್ತು ಅಡುಗೆಮನೇಲಿ ಮನೆ ಹಾಳಾಗಲಿ ಅಂದ್ರಲ್ಲ, ಯಾಕಂದ್ರಿ?"

ಕೆಂಪಕ್ಕ ಸೆರಗಿನಿಂದ ಕೈ ಒರೆಸಿಕೊಂಡು ನನ್ನನ್ನೇ ನೋಡಿದರು.

"ನಾನಾ? ಆಳಾಗ್ಲಿ ಅಂದ್ನಾ?"

"ಹೂಂ. ನನ್ನ ಸ್ಕೂಲ್ ಹೋಗಲಿ ಅಂತಲೂ ಅಂದ್ರಿ."

"ಅಯ್ ನಿನ್ನ! ಮನೇಗೊಂದ್ ಆಳಾಗ್ಲಿ, ಇವ್ಳು ಇಸ್ಕೂಲ್‌ಗೋಗ್ಲಿ ಅಂದೆ ಕಣವ್ವ. ನಾನೆಷ್ಟ್ ದಿನ ಇರಕ್ಕಾಯ್ತದೆ, ಊರಾಗ್ ಅಸ ಕರ ಬುಟ್ಬುಟ್ಟು? ದೊಡ್ಡಗದ್ದವಳ್ಳಿ ಕಡೆ ಒಬ್ಬವ್ಳು ಜಯಮ್ಮ ಅಂತ, ನಾಳಿಕ್ ಬತ್ತಾಳೆ. ಆಳು ಅಂದಿದ್ದು ನಾನು. ಆಳು ಅನ್ಲಿಲ್ಲ!"

"ಯಾವ ಆಳು?"

"ಆಳು ಕಣವ್ವ, ಕೆಲ್ಸದ್ ಆಳು! ಆಳು ಅನ್ನಂಗಿದ್ರೆ ನಿನ್ ಮುಂದೇನೆ ಬಾಯ್ತುಂಬ ಆಳು ಅಂತಿದ್ದೆ, ಬಾಗ್ಲಿಂದೆ ಯಾಕಂತೀನಿ?"

ರಂಗಸ್ವಾಮಿ ಮೀಸೆಯಿಲ್ಲದ ಬಾಯಿ ಅಗಲ ಮಾಡಿ ನಗುತ್ತಿದ್ದರು. ಕೆಂಪಕ್ಕನ ಬಾಯಲ್ಲಿ ಆಳೂ ಹಾಳೂ ಒಂದೇ. ಅವರು ಆಳು ಎಂದದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು. ಅದರ ಮುಂದೆ ಹಕಾರ ಕೂರಿಸಿದವಳು ನಾನು. ಜೀವಮಾನವಿಡೀ ಮಾಡಿದ ಕೆಲಸ, ಕೈ ತಾನಾಗಿ ಮಾಡಿತ್ತು. ಮನೆಯ ಮುಂದಿನ 'ಗೊಂದ್' ಅನ್ನು ನಲ್ಲಿ, ಇಸ್ಕೂಲಿನ ಮುಂದಿನ 'ಗೆ' ಎಂಬ ವಿಭಕ್ತಿ ಪ್ರತ್ಯಯವನ್ನು ಕುಕ್ಕರ್ ನುಂಗಿತ್ತು. ಒಂದು ಅಕ್ಷರ ಹೆಚ್ಚು, ಒಂದೆರಡು ಅಕ್ಷರ ಕಮ್ಮಿ. ಅಷ್ಟರಲ್ಲಿ ನಾನು ನೌಕರಿಯನ್ನೇ ಬಿಡಲು ಹೊರಟಿದ್ದೆ.

ಕೆಂಪಕ್ಕ ಮಾತು ತಿರುಗಿಸಿ ಹೇಳಿರಬಹುದೇ? ಕೇಳಿಕೊಳ್ಳದೆ ಇರಲಿಲ್ಲ. ಆದರೆ ಮರುದಿನ ಜಯಮ್ಮ ಬ್ಯಾಗು ಹಿಡಿದು ಬಾಗಿಲಿಗೆ ಬಂದು ನಿಂತಳು. ಅವಳನ್ನು ರಾತ್ರೋರಾತ್ರಿ ಹುಟ್ಟಿಸಲು ಕೆಂಪಕ್ಕನಿಂದಲೂ ಆಗದು.

ಇಷ್ಟಾದ ಮೇಲೆ ನನ್ನ ಅನುಮಾನಗಳೆಲ್ಲ ಸುಳ್ಳು ಎಂದು ಒಪ್ಪಿಬಿಟ್ಟರೆ ಕಥೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಹೆಡ್‌ಮಾಸ್ಟರ ಆ 'ಬಿಡಿ'ಯ ಬಗ್ಗೆ, ಅವರದು ಬರೀ ಕಾಳಜಿ ಇರಬಹುದು ಎಂದು ಮೂರನೇ ಸಾಲಿನಲ್ಲಿ ಉದಾರವಾಗಿ ಬರೆದಿದ್ದೆ. ಅದನ್ನೂ ಕೇಳಿಬಿಡೋಣ ಎಂದು ಶಾಲೆಗೆ ಹೋದೆ. "ಸರ್, ಈ ವರ್ಷ ನನಗೆ ಕ್ಲಾಸು ಇದೆಯೋ ಇಲ್ಲವೋ? ನನ್ನ ಕಡೆ ಮುಖ ಮಾಡಿ ಹೇಳಿ" ಎಂದೆ. ಅವರು ಮೇಜಿನ ಮೇಲಿನ ಪೇಪರ್‌ವೆಯ್ಟ್ ತಿರುಗಿಸಿದರು.

"ರೆಕಾರ್ಡ್ಸ್ ನೋಡ್ಕೊಳಿ ಅಂತಿದ್ದೆ ಮೇಡಂ. ನಿಮ್ಗೂ ತೊಂದ್ರೆ, ಮಕ್ಳಿಗೂ ತೊಂದ್ರೆ."

ಅಂದರೆ ಆ ಅನುಮಾನ ನಿಜವೇ. ನನಗೆ ವಿಚಿತ್ರವಾದ ಸಮಾಧಾನವಾಯಿತು. ಬಾಗಿಲ ಹಿಂದೆ ನಿಂತು ಕೇಳಿದ್ದರೆ ಮನೆಗೆ ಹೋಗಿ ಬಿಕ್ಕುತ್ತಿದ್ದೆ. ಎದುರಿಗೆ ಕೇಳಿದ್ದರಿಂದ ಎದುರಿಗೇ ಉತ್ತರ ಕೊಡಲು ಬಂತು. ಬೆಂಚುಗಳನ್ನು ಅರ್ಧಚಂದ್ರದ ಹಾಗೆ ಹಾಕುತ್ತೇನೆ, ಓದುವ ಮಗು ನನ್ನ ಬಲಕ್ಕೆ ಬಂದು ನಿಲ್ಲಲಿ, ಅರ್ಧ ವರ್ಷ ನೋಡಿ, ಆಗದಿದ್ದರೆ ನಾನೇ ರೆಕಾರ್ಡ್ ರೂಮಿಗೆ ಹೋಗುತ್ತೇನೆ ಎಂದೆ. ನನ್ನ ಕ್ಲಾಸು ನನಗೆ ಬೇಕು ಎಂದೂ ಹೇಳಿದೆ, ಸ್ವಲ್ಪ ಜೋರಾಗಿಯೇ. ನನ್ನ ದನಿ ಎಷ್ಟು ದೊಡ್ಡದು ಎಂದು ಈಗ ನನಗೆ ತಿಳಿಯುವುದಿಲ್ಲ. ಅವರು ಕಿವಿ ಮುಚ್ಚಿಕೊಂಡು ಆಗಲಿ ಎಂದರು.

ಪಂಪ್‌ಸೆಟ್ ಈಗಲೂ ಓಡುತ್ತದೆ. ಎಡಗಿವಿ ಇನ್ನು ಇಷ್ಟೇ ಎಂದಿದ್ದಾರೆ. ಮದುವೆ ಮನೆಗಳಿಗೆ ಹೋಗುವುದು ಬಿಟ್ಟಿದ್ದೇನೆ, ಅಲ್ಲಿ ಮಷೀನಿನೊಳಗೆ ಪಾತ್ರೆ ಉರುಳಿಸಿದಂತಾಗುತ್ತದೆ. ಹಿಂದಿನಿಂದ ಯಾರಾದರೂ ನಕ್ಕರೆ ಇವತ್ತಿಗೂ ಬೆನ್ನು ಬಿಗಿಯುತ್ತದೆ. ಶ್ವೇತಾ ಹೇಳಿದ ಮೂರು ಸಾಲನ್ನು ಈಗಲೂ ಬರೆಯುತ್ತೇನೆ, ಗೊಣಗುತ್ತಲೇ. ಅವಳದು ಪ್ರಾಜೆಕ್ಟೇ ಇರಬಹುದು, ಇರಲಿ ಬಿಡಿ. ರಂಗಸ್ವಾಮಿ ಪ್ರತಿ ಭಾನುವಾರ ಮೇಲ್ದುಟಿ ಬೋಳಿಸುತ್ತಾರೆ. ಗೊರೂರಿನ ಕಚೇರಿಯಲ್ಲಿ ಹೊಸಬರೆಲ್ಲ ಯಾರು ತೀರಿಕೊಂಡರು ಸಾ ಎಂದು ಕೇಳುತ್ತಾರಂತೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಧನುಶ್ರೀ ಈಗ ಆರನೇ ತರಗತಿ. ಪುಸ್ತಕ ಹಿಡಿದು ನನ್ನ ಬಲಕ್ಕೆ ಬಂದು ನಿಂತಳು, ಒಂದು ಹೆಜ್ಜೆ ದೂರವೇ ಉಳಿದಳು. ಹೆದರಿಕೆ ಅವಳಿಗೂ ಇತ್ತು. ಓದಲು ಶುರುಮಾಡಿದಳು.

"ಅಜ್ಜಿ ಅಂಗಳದಲ್ಲಿ ಅಕ್ಕಿ..."

ನಾಲಿಗೆಯ ತುದಿಗೆ ಬಂದದ್ದನ್ನು ತಡೆದೆ. ಅವಳೂ ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದಳು. ಕ್ಲಾಸಿನಲ್ಲಿ ಸದ್ದಿರಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ.

"ಏನಂದೆ ಪುಟ್ಟ? ನನಗೆ ಸರಿಯಾಗಿ ಕೇಳಿಸಲಿಲ್ಲ."

"ಅಕ್ಕಿ ಮಿಸ್."

"ಹಾರೋದಾ, ಬೇಯ್ಸೋದಾ?"

ಅವಳು ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು.

ಅಜ್ಜಿ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಸರಿ" ಎಂದೆ. "ಮುಂದೆ ಓದು."